ಟ್ರ್ಯಾಕ್ಟರ್ ಹತ್ತುವ ಮೊದಲು ಗೇಜ್ ಓದಿ

ಕೃಷಿ ಎಂಜಿನಿಯರಿಂಗ್ ಓದಿ ಚುನಾವಣೆಗೆ ನಿಲ್ಲಲು ಹೊರಟಿರುವ ತಮ್ಮಂದಿರಿಗೆ, ತಂಗಿಯರಿಗೆ,

ನಮಸ್ಕಾರ.

ನಾನು ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದ ರೈತ, ಮಾನ್ವಿ ಕಡೆಯವನು. ಪಂಚಾಯ್ತಿ ಚುನಾವಣೆಯ ಮಾತು ಶುರುವಾದರೆ ಸಾಕು, ನಮ್ಮ ಕಡೆ ಈಗ ಹೊಸ ನಮೂನೆಯ ಫ್ಲೆಕ್ಸ್ ಏಳುತ್ತವೆ. ಹೆಸರಿನ ಕೆಳಗೆ 'ಬಿ.ಟೆಕ್, ಕೃಷಿ ಎಂಜಿನಿಯರಿಂಗ್' ಎಂದು ದಪ್ಪ ಅಕ್ಷರ. ಹೆಗಲ ಮೇಲೆ ಹಸಿರು ಶಾಲು. ಹಿಂದೆ ಹೊಸ ಟ್ರ್ಯಾಕ್ಟರ್. ರಾಯಚೂರಿನ ಕಾಲೇಜಿನಲ್ಲಿ ಓದಿದವರು, ಬೆಂಗಳೂರಿನ ಜಿಕೆವಿಕೆಯಲ್ಲಿ ಓದಿದವರು, ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಬೇಸತ್ತವರು, ಊರಿಗೆ ಏನಾದರೂ ಮಾಡಬೇಕು ಎಂದು ನಿಜವಾಗಿಯೂ ಆಸೆ ಇರುವವರು, ಎಲ್ಲರೂ ಇದ್ದೀರಿ. ನೀವು ಬರುವುದು ನನಗೆ ಖುಷಿಯೇ. ಗುತ್ತಿಗೆದಾರರು, ಬಡ್ಡಿ ವ್ಯಾಪಾರದವರು, ಲೇಔಟ್ ಮಾಡುವವರು ಬರುವಾಗ ಮಣ್ಣು ನೀರು ಓದಿದವರು ಯಾಕೆ ಬರಬಾರದು?

ಆದರೆ ಓದಿದ್ದೀರಿ ಎಂಬ ಒಂದೇ ಕಾರಣಕ್ಕೆ ವೋಟು ಕೇಳಬೇಡಿ. ಆ ಓದನ್ನು ಯಾರ ಎದುರು ಬಳಸುತ್ತೀರಿ ಎಂದು ಹೇಳಿ. ಈ ಕಾಗದ ಬರೆಯುತ್ತಿರುವುದು ಅದಕ್ಕೇ.

ನಿಮ್ಮಂಥದೇ ಓದು ಓದಿ ಪಾರ್ಲಿಮೆಂಟು, ಅಧ್ಯಕ್ಷ ಪದವಿವರೆಗೂ ಹೋದವರು ಬೇರೆ ದೇಶಗಳಲ್ಲಿ ಇದ್ದಾರೆ. ನಿಮ್ಮ ಫ್ಲೆಕ್ಸಿನ ಟ್ರ್ಯಾಕ್ಟರ್ ನೋಡಿದಾಗೆಲ್ಲ ನನಗೆ ಪೆರು ದೇಶದ ಆಲ್ಬರ್ಟೊ ಫುಜಿಮೊರಿ ನೆನಪಾಗುತ್ತಾನೆ. ಜಪಾನಿನಿಂದ ವಲಸೆ ಬಂದವರ ಮಗ. 1938ರಲ್ಲಿ ಲಿಮಾದಲ್ಲಿ ಹುಟ್ಟಿದ. ಲಾ ಮೊಲಿನಾ ಎಂಬಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಓದಿ 1961ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದ. ಅಮೆರಿಕಕ್ಕೆ ಹೋಗಿ ಗಣಿತದಲ್ಲೂ ಸ್ನಾತಕೋತ್ತರ ಪದವಿ ಮಾಡಿಕೊಂಡು ಬಂದ. ತಾನು ಓದಿದ ವಿಶ್ವವಿದ್ಯಾಲಯದಲ್ಲೇ ಮೇಷ್ಟ್ರಾಗಿ, 1984ರಲ್ಲಿ ಅದರ ಮುಖ್ಯಸ್ಥನೇ ಆದ. ನಮ್ಮ ಕಡೆ ಕುಲಪತಿ ಎನ್ನುತ್ತೇವಲ್ಲ, ಹಾಗೆ. ಸರ್ಕಾರಿ ಟಿವಿಯಲ್ಲಿ ಒಂದು ಚರ್ಚಾ ಕಾರ್ಯಕ್ರಮವನ್ನೂ ನಡೆಸುತ್ತಿದ್ದ.

1990ರ ಅಧ್ಯಕ್ಷ ಚುನಾವಣೆಗೆ ನಿಂತಾಗ ಅವನ ಪಕ್ಷ ಹುಟ್ಟಿ ಸರಿಯಾಗಿ ಒಂದು ವರ್ಷವೂ ಆಗಿರಲಿಲ್ಲ. ಟ್ರ್ಯಾಕ್ಟರ್ ಏರಿ ಪ್ರಚಾರಕ್ಕೆ ಹೊರಟ. ಪ್ರಾಮಾಣಿಕತೆ, ತಂತ್ರಜ್ಞಾನ, ದುಡಿಮೆ ಎಂಬ ಮೂರೇ ಮಾತಿನ ಘೋಷಣೆ. ಎದುರಿಗಿದ್ದದ್ದು ಜಗತ್ತಿಗೇ ಹೆಸರಾದ ಒಬ್ಬ ಸಾಹಿತಿ, ಹಣವಂತರ ಬೆಂಬಲ ಇದ್ದವರು. ಗೆದ್ದರೆ ಬೆಲೆ ನಿಯಂತ್ರಣ ಒಮ್ಮೆಗೇ ತೆಗೆಯುತ್ತೇನೆ, ಕಷ್ಟ ಆಗುತ್ತದೆ ಎಂದು ಆ ಸಾಹಿತಿ ಮುಚ್ಚುಮರೆ ಇಲ್ಲದೆ ಹೇಳಿದರು. ಅಂಥ ಆಘಾತವೇ ಬೇಡ ಎಂದ ಎಂಜಿನಿಯರ್ ಸುಮಾರು ಶೇ 62 ಮತ ತೆಗೆದುಕೊಂಡು ಗೆದ್ದ. ಜುಲೈ ಕೊನೆಯಲ್ಲಿ ಕುರ್ಚಿಯಲ್ಲಿ ಕೂತ. ಆಗಸ್ಟ್ ಮೊದಲ ವಾರ ಕಳೆಯುತ್ತಲೇ ಪೆಟ್ರೋಲಿನ ಬೆಲೆ ಒಂದೇ ರಾತ್ರಿಯಲ್ಲಿ ಮೂವತ್ತು ಪಟ್ಟು ಏರಿತು! ಎದುರಾಳಿ ಮಾಡುತ್ತೇನೆ ಎಂದಿದ್ದನ್ನು, ಮಾಡುವುದಿಲ್ಲ ಎಂದವನೇ ಮಾಡಿದ.

ಅದರಿಂದ ಹಣದುಬ್ಬರ ಇಳಿಯಿತು ಎನ್ನುವುದು ನಿಜ. ದೇಶವನ್ನು ನಡುಗಿಸುತ್ತಿದ್ದ ಉಗ್ರ ಸಂಘಟನೆಯ ನಾಯಕ 1992ರಲ್ಲಿ ಸಿಕ್ಕಿಬಿದ್ದದ್ದೂ ನಿಜ. ಅವನನ್ನು ಹೊಗಳುವವರು ಅಲ್ಲಿ ಇವತ್ತಿಗೂ ಕಡಿಮೆ ಏನಿಲ್ಲ. ಆದರೆ ಅದೇ 1992ರ ಏಪ್ರಿಲ್ 5ರಂದು ಸೈನ್ಯ ಕರೆಸಿ ಪಾರ್ಲಿಮೆಂಟಿಗೆ ಬೀಗ ಹಾಕಿಸಿದ್ದೂ ಇದೇ ಎಂಜಿನಿಯರ್. ಆ ಜುಲೈನಲ್ಲಿ ಲಾ ಕಂಟೂಟಾ ವಿಶ್ವವಿದ್ಯಾಲಯದಿಂದ ಒಂಬತ್ತು ವಿದ್ಯಾರ್ಥಿಗಳನ್ನು, ಒಬ್ಬ ಮೇಷ್ಟ್ರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಕೊಂದರು. ಕೊಂದದ್ದು ಸೈನ್ಯದ್ದೇ ಒಂದು ತಂಡ. ಆಗ ಅಧ್ಯಕ್ಷನಾಗಿದ್ದವನು ಕೆಲವೇ ವರ್ಷಗಳ ಹಿಂದೆ ಕುಲಪತಿಯಾಗಿದ್ದವನು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

1996ರಿಂದ ಕುಟುಂಬ ಯೋಜನೆಯ ಹೆಸರಲ್ಲಿ 2.7 ಲಕ್ಷದಷ್ಟು ಹೆಂಗಸರಿಗೆ ಆಪರೇಷನ್ ಮಾಡಿದರು. ಹೆಚ್ಚಿನವರು ಬೆಟ್ಟದ ಊರುಗಳ ಬಡ ಮೂಲನಿವಾಸಿಗಳು. ಎಷ್ಟೋ ಜನರಿಗೆ ಏನು ಮಾಡುತ್ತಿದ್ದಾರೆ ಎಂದೂ ತಿಳಿಸಿರಲಿಲ್ಲ. ಆರೋಗ್ಯ ಸಿಬ್ಬಂದಿಗೆ ತಿಂಗಳಿಗೆ ಇಷ್ಟು ಎಂಬ ಟಾರ್ಗೆಟ್ ಇತ್ತು. ನಮ್ಮ ದೇಶ ತುರ್ತುಪರಿಸ್ಥಿತಿಯಲ್ಲಿ ನೋಡಿದ್ದೇ ಇದು, ಹಾಗಾಗಿ ನಮಗೆ ಬಿಡಿಸಿ ಹೇಳಬೇಕಿಲ್ಲ. ಲೆಕ್ಕ ಬಲ್ಲ ಮನುಷ್ಯ ಲೆಕ್ಕವನ್ನು ಜನರ ಮುಂದೆ ಇಡದೆ ಜನರ ಮೇಲೆ ಹೇರಿದರೆ ಹೀಗೇ ಆಗುವುದು. 2000ದಲ್ಲಿ ಲಂಚದ ವಿಡಿಯೊಗಳು ಹೊರಬಿದ್ದವು. ಜಪಾನಿಗೆ ಹೋಗಿ ಅಲ್ಲಿಂದಲೇ ಫ್ಯಾಕ್ಸ್‌ನಲ್ಲಿ ರಾಜೀನಾಮೆ ಕಳಿಸಿದ. 2009ರಲ್ಲಿ ಆ ವಿಶ್ವವಿದ್ಯಾಲಯದ ಕೊಲೆಗಳೂ ಸೇರಿದ ಪ್ರಕರಣದಲ್ಲಿ ಕೋರ್ಟು 25 ವರ್ಷ ಶಿಕ್ಷೆ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡ.

ಟ್ರ್ಯಾಕ್ಟರ್ ಓಡಿಸಿದವರೆಲ್ಲ ಹೀಗಾಗುತ್ತಾರೆ ಎನ್ನುತ್ತಿಲ್ಲ ಮಾರಾಯ್ರೆ. ಜನ ಅವನಲ್ಲಿ ಎಂಜಿನಿಯರ್ ಎಂಬ ಮಾತನ್ನು ನಂಬಿದರು, ಏನು ಎಂಜಿನಿಯರಿಂಗ್ ಮಾಡುತ್ತೀಯ ಎಂದು ಕೇಳಲಿಲ್ಲ. ನಮ್ಮ ಜನ ನಿಮ್ಮನ್ನು ಕೇಳಲಿ ಎಂದು ನನ್ನಾಸೆ.

ಇನ್ನೊಬ್ಬರು ಇದ್ದಾರೆ, ಅವರನ್ನು ನೀವು ಓದಲೇಬೇಕು. ಅಮಿಲ್ಕರ್ ಕಬ್ರಾಲ್. ಪಶ್ಚಿಮ ಆಫ್ರಿಕಾದ ಗಿನಿ ಬಿಸಾವ್‌ನ ಬಫಾಟಾ ಎಂಬ ಊರಿನಲ್ಲಿ 1924ರಲ್ಲಿ ಹುಟ್ಟಿದವರು. ಬೆಳೆದದ್ದು ಕೇಪ್ ವರ್ಡ್ ದ್ವೀಪಗಳಲ್ಲಿ. ಎರಡೂ ಆಗ ಪೋರ್ಚುಗೀಸರ ಕೈಯಲ್ಲಿದ್ದವು. 1940ರ ದಶಕದಲ್ಲಿ ಆ ದ್ವೀಪಗಳಲ್ಲಿ ಮಳೆ ಹೋಗಿ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಅದನ್ನು ಕಣ್ಣಾರೆ ಕಂಡ ಹುಡುಗ ಲಿಸ್ಬನ್‌ಗೆ ಹೋಗಿ ಕೃಷಿ ಎಂಜಿನಿಯರಿಂಗ್ ಓದಿದ. ಅಧ್ಯಯನಕ್ಕೆ ಆರಿಸಿಕೊಂಡದ್ದು ಮಣ್ಣಿನ ಸವಕಳಿ.

1952ರಲ್ಲಿ ಊರಿಗೆ ಮರಳಿದ ಅವರಿಗೆ ಸಿಕ್ಕಿದ್ದು ಪೆಸ್ಸುಬೆ ಎಂಬ ಸರ್ಕಾರಿ ಪ್ರಯೋಗ ತೋಟದ ಕೆಲಸ. ಮರುವರ್ಷ ಇಡೀ ಗಿನಿಯ ಕೃಷಿ ಗಣತಿಯ ಹೊಣೆ ಬಂತು. ಊರೂರು ಸುತ್ತಿದರು. ಹೆಂಡತಿಯೂ ಅದೇ ಕಾಲೇಜಿನಲ್ಲಿ ಕೃಷಿ ಓದಿದವರು, ಈ ಕೆಲಸದಲ್ಲಿ ಜೊತೆಗಿದ್ದರು. ಯಾರ ಹೊಲ ಎಷ್ಟು, ಯಾವ ಬೆಳೆ ಎಷ್ಟು, ಯಾವ ಸಮುದಾಯ ಯಾವ ನಮೂನೆ ಒಕ್ಕಲುತನ ಮಾಡುತ್ತದೆ ಎಂದು ಬರೆದುಕೊಂಡರು. ಬಲಾಂಟಾ ಎಂಬ ಜನ ಸಮುದ್ರದ ಉಪ್ಪುನೀರಿಗೆ ಅಡ್ಡ ಮಣ್ಣಿನ ಒಡ್ಡು ಕಟ್ಟಿ ಗದ್ದೆ ಮಾಡಿ ಭತ್ತ ಬೆಳೆಯುತ್ತಿದ್ದರು. ಕರಾವಳಿಯವರಿಗೆ ಗಜನಿ ಗದ್ದೆ ನೆನಪಾಗಬಹುದು. ಆಳುವವರಿಗೆ ಬೇಕಿದ್ದದ್ದು ಮಾತ್ರ ಶೇಂಗಾ, ರಫ್ತಿಗೆ. ಒಂದೇ ಬೆಳೆಗೆ ಜೋತುಬಿದ್ದರೆ ಮಣ್ಣೂ ಹೋಗುತ್ತದೆ, ಊಟವೂ ಹೋಗುತ್ತದೆ ಎಂದು ಆ ಸರ್ಕಾರಿ ನೌಕರ ಆಗಲೇ ಬರೆದರು.

ನಮ್ಮಲ್ಲಿ ಎಷ್ಟು ಜನ ಗಣತಿ ಮಾಡಿಲ್ಲ? ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್‌ನಲ್ಲಿ ನಡೆಯುತ್ತದೆ. ಹೊಲಕ್ಕೆ ಹೋಗದೆ ರಸ್ತೆ ಮೇಲೆ ನಿಂತು ಫೋಟೊ ಹೊಡೆದು ಮುಗಿಸುವವರೂ ಇದ್ದಾರೆ, ಆಮೇಲೆ ತೊಗರಿ ಇದ್ದ ಹೊಲದಲ್ಲಿ ಹತ್ತಿ ಎಂದು ಬಂದು ವಿಮೆ ತಪ್ಪಿಹೋಗುತ್ತದೆ. ಕಬ್ರಾಲ್ ಅವರಿಗೆ ಗಣತಿಯೇ ರಾಜಕೀಯದ ಪಾಠವಾಯಿತು. 1956ರಲ್ಲಿ ಗೆಳೆಯರ ಜೊತೆ ಸೇರಿ ಪಕ್ಷ ಕಟ್ಟಿದರು. 1959ರ ಆಗಸ್ಟ್‌ನಲ್ಲಿ ಬಿಸಾವ್‌ನ ಬಂದರಿನಲ್ಲಿ ಕೂಲಿ ಜಾಸ್ತಿ ಕೇಳಿದ ಕಾರ್ಮಿಕರ ಮೇಲೆ ಗುಂಡು ಹಾರಿತು. ಪೇಟೆಯಲ್ಲಿ ಕೂತು ಹೋರಾಡಿದರೆ ಆಗದು, ಹಳ್ಳಿಗೆ ಹೋಗಬೇಕು ಎಂದು ತೀರ್ಮಾನವಾಯಿತು. 1963ರಲ್ಲಿ ಯುದ್ಧ ಶುರು.

ಯುದ್ಧದ ಕತೆ ಇಲ್ಲಿ ಬೇಡ. ಅವರು ಬಿಡಿಸಿಕೊಂಡ ಹಳ್ಳಿಗಳಲ್ಲಿ ಮಾಡಿದ ಕೆಲಸ ನೋಡಿ. ಪ್ರತಿ ಊರಿಗೆ ಐದು ಜನರ ಸಮಿತಿ, ಅದರಲ್ಲಿ ಕನಿಷ್ಠ ಇಬ್ಬರು ಹೆಂಗಸರು. ರಫ್ತಿನ ಶೇಂಗಾಕ್ಕಿಂತ ಮೊದಲು ಊಟದ ಭತ್ತ ಎಂದು ತಿಳಿಹೇಳುವುದು. ಅಕ್ಕಿ ಕೊಟ್ಟು ಬಟ್ಟೆ, ಉಪ್ಪು ತೆಗೆದುಕೊಳ್ಳುವ ಜನರ ಅಂಗಡಿ. ಮರದ ಕೆಳಗೆ ಶಾಲೆ. 1972ರಲ್ಲಿ, ಮೇಲೆ ಬಾಂಬ್ ಬೀಳುತ್ತಿರುವಾಗಲೇ, ಆ ಹಳ್ಳಿಗಳಲ್ಲಿ ಚುನಾವಣೆ ಮಾಡಿ ರಾಷ್ಟ್ರೀಯ ಸಭೆಗೆ ಪ್ರತಿನಿಧಿಗಳನ್ನು ಆರಿಸಿದರು. ಊರಿನ ಸಮಿತಿ ಮೊದಲು, ದೇಶದ ಸಭೆ ಆಮೇಲೆ. ಜನರಿಂದ ಏನೂ ಮುಚ್ಚಿಡಬೇಡಿ, ಸುಳ್ಳು ಹೇಳಬೇಡಿ, ಸುಲಭದ ಗೆಲುವು ಹೇಳಿಕೊಂಡು ತಿರುಗಬೇಡಿ ಎಂದು ತಮ್ಮ ಕಾರ್ಯಕರ್ತರಿಗೆ ಅವರು ಕಟ್ಟುನಿಟ್ಟಾಗಿ ಹೇಳಿದ್ದು ಈಗ ಲೋಕಕ್ಕೆಲ್ಲ ಗೊತ್ತು.

1973ರ ಜನವರಿ 20ರಂದು ಅವರನ್ನು ಕೊಂದರು. ಗುಂಡು ಹಾರಿಸಿದವರು ಅವರದೇ ಪಕ್ಷದ ಜನ. ಆ ಸೆಪ್ಟೆಂಬರಿನಲ್ಲೇ ಗಿನಿ ಬಿಸಾವ್ ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ಆಮೇಲೆ ಆ ದೇಶ ಚೆನ್ನಾಗಿ ನಡೆಯಲಿಲ್ಲ, ಮತ್ತೆ ಮತ್ತೆ ಸೈನ್ಯದ ದಂಗೆ. ಈಗ ಅಲ್ಲಿಂದ ಹೊರಗೆ ಹೋಗುವುದು ಬಹುಪಾಲು ಒಂದೇ ಸರಕು: ಗೇರುಬೀಜ. ನಮ್ಮ ಮಂಗಳೂರಿನ ಗೋಡಂಬಿ ಕಾರ್ಖಾನೆಗಳಿಗೆ ಆಫ್ರಿಕಾದಿಂದ ಬರುವ ಬೀಜದಲ್ಲಿ ಅವರದೂ ಇದೆ. ಶೇಂಗಾ ಹೋಗಿ ಗೇರು ಬಂತು, ಅಷ್ಟೇ. ಕಬ್ರಾಲ್ ಬರೆದ ಎಚ್ಚರಿಕೆ ಕಾಗದದಲ್ಲೇ ಉಳಿಯಿತು.

ಸ್ವಿಟ್ಜರ್‌ಲೆಂಡಿನ ಫ್ರೆಡ್ರಿಕ್ ವಾಲೆನ್ ಅವರದು ಇಷ್ಟು ದೊಡ್ಡ ಕತೆಯಲ್ಲ. ಆದರೆ ನಿಮಗೆ ಹೆಚ್ಚು ಹತ್ತಿರದ್ದು ಅದೇ ಇರಬಹುದು. ಕೃಷಿ ಓದಿದವರು, ಜೂರಿಕ್‌ನಲ್ಲಿ ಕೃಷಿ ಸಂಶೋಧನಾ ಕೇಂದ್ರ ನಡೆಸುತ್ತಿದ್ದವರು. ಎರಡನೇ ಮಹಾಯುದ್ಧ ಶುರುವಾಗುವ ಮೊದಲೇ, ಯಾವ ಊರಿನಲ್ಲಿ ಉಳುಮೆಗೆ ಬರುವ ನೆಲ ಎಷ್ಟಿದೆ ಎಂದು ಕಚೇರಿಯಲ್ಲಿ ಕೂತು ಸದ್ದಿಲ್ಲದೆ ಲೆಕ್ಕ ಹಾಕಿಸುತ್ತಿದ್ದರು. ಯುದ್ಧ ಬಂತು, ಸುತ್ತ ಬಹುಪಾಲು ಜರ್ಮನಿ, ಇಟಲಿಯ ಸೈನ್ಯ, ಹೊರಗಿನಿಂದ ಧಾನ್ಯ ಬರುವುದು ಕಷ್ಟವಾಯಿತು. 1940ರ ನವೆಂಬರಿನಲ್ಲಿ ವಾಲೆನ್ ಆ ಲೆಕ್ಕ ತೆಗೆದು ಜನರ ಮುಂದಿಟ್ಟರು. ಪ್ರತಿ ಊರಿಗೂ ಇಷ್ಟು ನೆಲ ಉಳಬೇಕು ಎಂದು ಪಾಲು ಗೊತ್ತು ಮಾಡಿದರು. ಪೇಟೆಯ ಬಯಲು, ಆಟದ ಮೈದಾನಗಳಲ್ಲೂ ಆಲೂಗೆಡ್ಡೆ, ಗೋಧಿ ಬಂತು. ಉಳುವ ನೆಲ ಸುಮಾರು 1.8 ಲಕ್ಷ ಹೆಕ್ಟೇರಿನಿಂದ 3.5 ಲಕ್ಷಕ್ಕೆ ಏರಿತು. ಗುರಿ ಇದ್ದದ್ದು 5 ಲಕ್ಷ. ಮುಟ್ಟಲಿಲ್ಲ. ಊಟದಲ್ಲಿ ಸ್ವಂತ ಬೆಳೆಯ ಪಾಲು ಶೇ 52ರಿಂದ ಶೇ 59ಕ್ಕೆ ಬಂತು, ಅಷ್ಟೇ. ಆದರೂ ಆಲೂಗೆಡ್ಡೆಗೆ ಅಲ್ಲಿ ರೇಷನ್ ಬರಲಿಲ್ಲ. ವಾಲೆನ್ 1942ರಲ್ಲಿ ಜೂರಿಕ್ ಪ್ರಾಂತ್ಯದಿಂದ ಮೇಲ್ಮನೆಗೆ ಹೋದರು, ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ದುಡಿದರು, 1959ರಿಂದ 1965ರವರೆಗೆ ದೇಶದ ಏಳು ಮಂದಿ ಮಂತ್ರಿಗಳಲ್ಲಿ ಒಬ್ಬರಾಗಿದ್ದರು. ಅವರ ಇಡೀ ರಾಜಕೀಯಕ್ಕೆ ಬುನಾದಿ ಆ ಊರೂರಿನ ಪಟ್ಟಿ. ಯುದ್ಧ ಇದ್ದದ್ದರಿಂದ ಜನ ಮಾತು ಕೇಳಿದರು, ಶಾಂತಿಯ ಕಾಲದಲ್ಲಿ ಕೇಳುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಇರಬಹುದು.

ಈಗ ನಮ್ಮ ನಾಲೆಗೆ ಬರೋಣ.

ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲ್ಲೂಕಿನವರೆಗೆ, 227 ಕಿ.ಮೀ. ಬರುತ್ತದೆ. ಅಚ್ಚುಕಟ್ಟು ಸುಮಾರು ಆರು ಲಕ್ಷ ಎಕರೆ. ಇದನ್ನು ಮಾಡಿದವರ ಲೆಕ್ಕದಲ್ಲಿ ಇದು ಬರಗಾಲ ತಡೆಯುವ ನೀರಾವರಿ. ಜೋಳ, ಶೇಂಗಾ, ಹತ್ತಿಯಂಥ ಬೆಳೆಗೆ ಎರಡು ಮೂರು ಸಲ ನೀರು, ಭತ್ತ ಅಲ್ಲಲ್ಲಿ ಸ್ವಲ್ಪ. ಆಗಿದ್ದೇ ಬೇರೆ. ಮೇಲ್ಭಾಗದಲ್ಲಿ ನೀರು ಸಿಕ್ಕವರು ಸಿಕ್ಕಷ್ಟೂ ಭತ್ತ ಹಚ್ಚಿದರು. ಅವರನ್ನು ಕಳ್ಳರು ಎಂದು ಬೈದರೆ ನ್ಯಾಯ ಆಗದು. ಜೋಳಕ್ಕೆ ಬೆಲೆ ಎಲ್ಲಿತ್ತು? ಭತ್ತಕ್ಕೆ ಮಿಲ್ಲು, ವ್ಯಾಪಾರಿ, ಸಾಲ ಎಲ್ಲ ಮನೆ ಬಾಗಿಲಿಗೆ ಬಂತು. ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಹಾಕಿದವರಿಗೆ ನೀರಿನ ಒಕ್ಕಲುತನ ಗೊತ್ತಿತ್ತು. ನಮ್ಮವರು ಅನೇಕರು ಹೊಲ ಮಾರಿದರು, ಇಲ್ಲ ಲೀಸಿಗೆ ಕೊಟ್ಟರು. ಸೋನಾ ಮಸೂರಿ ಊಟ ಮಾಡುವ ಬೆಂಗಳೂರಿನವರಿಗೂ ಇದರಲ್ಲಿ ಪಾಲಿದೆ.

ಆದರೆ ನೀರಿನ ಲೆಕ್ಕ ನಿಮಗೆ ಗೊತ್ತಿರುವಂಥದೇ. ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಇಡೀ ದಿನ ಹರಿದರೆ ಎರಡು ಎಕರೆಯಲ್ಲಿ ಒಂದಡಿ ನಿಲ್ಲುತ್ತದೆ. ಒಂದು ಹಂಗಾಮಿನ ಭತ್ತಕ್ಕೆ ನಾಲ್ಕಡಿ ಆಸುಪಾಸು ಬೇಕು, ಜೋಳಕ್ಕೆ ಒಂದೂವರೆ ಅಡಿ ಸಾಕು. ಮೇಲೆ ಒಂದು ಎಕರೆ ಭತ್ತ ಜಾಸ್ತಿಯಾದರೆ ಕೆಳಗೆ ಎರಡೂವರೆ ಎಕರೆ ಜೋಳ ಒಣಗುತ್ತದೆ. ಅಷ್ಟು ನೀರು ನಿಂತ ಮೇಲ್ಭಾಗದ ನೆಲವೂ ಸುಖವಾಗಿಲ್ಲ. ಸವಳು ಹತ್ತಿದ ಹೊಲ ಗಂಗಾವತಿ, ಸಿಂಧನೂರು ಕಡೆ ಎಷ್ಟಿದೆ ಎಂದು ಗಂಗಾವತಿಯ ಸಂಶೋಧನಾ ಕೇಂದ್ರದವರನ್ನು ಕೇಳಿ. ನೆಲದಡಿ ತೂತಿನ ಪೈಪು ಹಾಕಿ ಉಪ್ಪು ಇಳಿಸುವುದು ನಿಮ್ಮ ಓದಿನಲ್ಲೇ ಇದೆ.

ಇನ್ನು ಗೇಜ್, ಅಂದರೆ ನಾಲೆಯಲ್ಲಿ ನೀರು ಎಷ್ಟು ಅಡಿ ಇದೆ ಎಂದು ತೋರಿಸುವ ಗುರುತು. ನಮ್ಮ ಭಾಗದ ಹೋರಾಟವೆಲ್ಲ ನಡೆಯುವುದು ಈ ಒಂದು ಮಾತಿನ ಮೇಲೆ. 'ಮೈಲ್ 69ರಲ್ಲಿ ಗೇಜ್ ಕಾಪಾಡಿ' ಎಂದು ರಸ್ತೆ ತಡೆ ಮಾಡದ ವರ್ಷ ಕಡಿಮೆ. ಉಪಕಾಲುವೆಯ ಬಾಯಲ್ಲಿ ಒಂದು ಗೋಡೆ ಇರುತ್ತದೆ. ಅದರ ಮೇಲೆ ಅಡಿ ಗೆರೆ, ಅಂಕಿ. ಮೇಲಿನ ಅಂಕಿಗಳ ಬಣ್ಣ ಬಿಸಿಲಿಗೆ ಹೋಗಿದೆ, ಕೆಳಗಿನವು ಪಾಚಿಯಲ್ಲಿ ಮುಚ್ಚಿವೆ. ಗ್ಯಾಂಗ್‌ಮನ್ ಬೆಳಗ್ಗೆ ಬಂದು ಪಾಚಿಯನ್ನು ಕಾಲಿನಿಂದ ಉಜ್ಜಿ, ಬಗ್ಗಿ ನೋಡಿ, ಎರಡೂವರೆ ಅಡಿ ಎಂದು ವಹಿಯಲ್ಲಿ ಬರೆದುಕೊಂಡು ಹೋಗುತ್ತಾನೆ. ಅವನದು ಹಂಗಾಮಿ ನೌಕರಿ, ಸಂಬಳ ತಿಂಗಳುಗಟ್ಟಲೆ ಬರುವುದಿಲ್ಲ, ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲೆ ಯಾರೋ ಒಡ್ಡಿನ ಮೇಲೆ ಪೈಪು ಹಾಕಿ ನೀರು ಸೆಳೆದಿರುತ್ತಾರೆ, ಇಲ್ಲ ಶಟರ್ ಎತ್ತಿರುತ್ತಾರೆ. ಇಲ್ಲಿ ಒಂದೂಕಾಲು ಅಡಿ. ವಹಿಯಲ್ಲಿ ಮಾತ್ರ ಎರಡೂವರೆಯೇ. ಆ ವಹಿಯ ಅಂಕಿಯೇ ಮೇಲಿನವರಿಗೆ ಹೋಗುತ್ತದೆ, ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಅದನ್ನೇ ಓದುತ್ತಾರೆ. ಸಭೆಯಲ್ಲಿ ಮಂತ್ರಿ, ಶಾಸಕರು, ಸಂಸದರು ಎಲ್ಲರೂ ಇರುತ್ತಾರೆ. ಮೇಲಿನ ಶಾಸಕರಿಗೆ ಮೇಲಿನ ವೋಟು, ಕೆಳಗಿನವರಿಗೆ ಕೆಳಗಿನ ವೋಟು. ಕೊನೆಗೆ ನಾಲೆಯ ಪಕ್ಕ ಪೊಲೀಸರನ್ನು ಹಾಕಿ, ನಿಷೇಧಾಜ್ಞೆ ಹೊರಡಿಸಿ ಮುಗಿಸುತ್ತಾರೆ. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಅಕ್ರಮವಾಗಿ ನೀರು ಎತ್ತುವವರಿಗೆ ಶಿಕ್ಷೆ ಜಾಸ್ತಿ ಮಾಡಿದರು. ಕಾಯ್ದೆ ಒಳ್ಳೆಯದೇ. ಆದರೆ ಎಷ್ಟು ನೀರು ಎಲ್ಲಿ ಹೋಯಿತು ಎಂಬ ನಿಜ ಅಂಕಿ ಇಲ್ಲದೆ ಯಾರನ್ನು ಹಿಡಿಯುತ್ತೀರಿ?

ನನ್ನ ಪ್ರಶ್ನೆ ಇಲ್ಲಿದೆ. ನೀವು ಮೇಲ್ಭಾಗದ ಊರಿನ ಅಭ್ಯರ್ಥಿ ಎಂದುಕೊಳ್ಳಿ. ನಿಮ್ಮಪ್ಪನದೂ ಹತ್ತೆಕರೆ ಭತ್ತ ಇದೆ. ನಿಮ್ಮ ಓಣಿಯ ಕಟ್ಟೆಯ ಮೇಲೆ ಕೂತು ನಿಮ್ಮ ಕಾಕಾಗೆ, ನಿಮ್ಮ ಮಾವನಿಗೆ, 'ನಾವು ಪಾಲಿಗಿಂತ ಇಷ್ಟು ಕ್ಯೂಸೆಕ್ ಜಾಸ್ತಿ ತೆಗೆಯುತ್ತಿದ್ದೇವೆ' ಎಂದು ಹೇಳುತ್ತೀರಾ? ನಮ್ಮ ಊರಿಗೆ ಬಂದು ಹೇಳುವುದು ಸುಲಭ, ನಾವು ಹಾರ ಹಾಕುತ್ತೇವೆ. ಅಲ್ಲಿ ಹೇಳಿದರೆ ವೋಟು ಹೋಗುತ್ತದೆ. ವೋಟು ಹೋಗುವ ಜಾಗದಲ್ಲಿ ಅಂಕಿ ಹೇಳದಿದ್ದರೆ ನಿಮ್ಮ ಬಿ.ಟೆಕ್ ಫ್ಲೆಕ್ಸಿಗೆ ಸರಿ, ನಾಲೆಗೆ ಬೇಡ. ಕೆಳಭಾಗದವರು ನಿಂತರೂ ಇದೇ ಮಾತು. ನಮ್ಮಲ್ಲೂ ನೀರು ಬಂದ ವರ್ಷ ಕದ್ದು ಭತ್ತ ಹಚ್ಚುವವರು ಇದ್ದಾರೆ. ಹೊಲಗಾಲುವೆಯ ಹೂಳು ತೆಗೆಯಿರಿ ಎಂದರೆ ಸರ್ಕಾರ ತೆಗೆಯಲಿ ಎಂದು ಕೂತವರೂ ನಾವೇ.

ಈ ಜಗಳ ಊರಿನಲ್ಲೇ ಮುಗಿಯುವುದಿಲ್ಲ, ದಿಲ್ಲಿಯವರೆಗೆ ಹೋಗುತ್ತದೆ. ಜಲಾಶಯ ಕಟ್ಟಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ ಅಡಿ ಹತ್ತಿರ. ಹೂಳು ತುಂಬಿ ಈಗ 105 ಚಿಲ್ಲರೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಮುಚ್ಚಿಸಿದ್ದು ಗೇಟುಗಳ ಕೆಲಸದಲ್ಲೇ ಪಳಗಿದ ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು. ಅಲ್ಲಿ ಭಾಷಣಕ್ಕೆ ಬಂದವರ ಹೆಸರು ಈಗ ಯಾರಿಗೂ ನೆನಪಿಲ್ಲ. ಜಲಾಶಯ ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ನಮ್ಮ ರಾಜ್ಯದ್ದು ಮಾತ್ರವಲ್ಲ. ಆಂಧ್ರ, ತೆಲಂಗಾಣ, ಕೇಂದ್ರ ಎಲ್ಲ ಇವೆ. ನವಲಿ ಬಳಿ ಸಮತೋಲನ ಜಲಾಶಯ ಮಾಡುತ್ತೇವೆ ಎಂದು ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ. ಆ ಎರಡು ರಾಜ್ಯಗಳು ಒಪ್ಪದೆ ಒಂದು ಬುಟ್ಟಿ ಮಣ್ಣೂ ಎತ್ತಲಾಗದು ಎಂದು ವೇದಿಕೆ ಮೇಲೆ ಯಾರೂ ಹೇಳುವುದಿಲ್ಲ. ನಿಮ್ಮಲ್ಲಿ ಒಬ್ಬರು ಮುಂದೆ ಸಂಸದರಾಗಿ ಆ ಮಂಡಳಿಯ ಎದುರು ಕೂತರೆ, ನಮ್ಮ ಉಪಕಾಲುವೆಯ ಅಂಕಿ ನಿಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ಆಂಧ್ರದವರು ನೀವು ಮೊದಲು ನಿಮ್ಮ ನಾಲೆ ಸರಿ ಮಾಡಿಕೊಳ್ಳಿ ಎನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಹಿಂದೆ ಇದಕ್ಕೆ ಒಂದು ಏಣಿ ಇತ್ತು. 1983ರ ಪಂಚಾಯ್ತಿ ಕಾಯ್ದೆ, ಆಗಿನ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಕಾಲ. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1987ರಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪಂಚಾಯ್ತಿಯಲ್ಲಿ ಕಲಿತು ಜಿಲ್ಲೆಗೆ, ಜಿಲ್ಲೆಯಲ್ಲಿ ಕಲಿತು ವಿಧಾನಸೌಧಕ್ಕೆ ಹೋಗಬಹುದಿತ್ತು. ಈಗ? ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. ಯಾವ ಪಕ್ಷವೂ ಇದಕ್ಕೆ ಅವಸರ ಮಾಡಲಿಲ್ಲ. ಶಾಸಕರಿಗೆ ತಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಬೇಕಿಲ್ಲ, ಅಲ್ವಾ? ಏಣಿಯ ನಡುವಿನ ಮೆಟ್ಟಿಲು ಕಿತ್ತಿರುವುದರಿಂದಲೇ ನೀವು ಪಂಚಾಯ್ತಿಗೆ ಕಾಲಿಡುವ ಮೊದಲೇ ಎಮ್ಮೆಲ್ಲೆ ಟಿಕೆಟ್ಟಿನ ಕನಸು ಕಾಣುತ್ತೀರಿ.

ತಂಗಿಯರಿಗೆ ಒಂದು ಮಾತು. ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸೀಟು ನಿಮ್ಮದು. ಕಬ್ರಾಲ್ ಅವರ ಐದರಲ್ಲಿ ಇಬ್ಬರಿಗಿಂತ ಜಾಸ್ತಿ. ಆದರೆ ಎಷ್ಟೋ ಕಡೆ ಸಭೆಯಲ್ಲಿ ಮಾತಾಡುವುದು ಅಧ್ಯಕ್ಷೆಯ ಗಂಡ. ಕೃಷಿ ಎಂಜಿನಿಯರಿಂಗ್ ಓದಿದ ನೀವು ಅಲ್ಲಿ ಕೂತರೆ ಕೃಷಿ ಹೊಂಡದ ಅಳತೆ ಪುಸ್ತಕ ತರಿಸಿ ನೋಡಬಹುದು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಹರಿದು, ಒಳಗೆ ಜಾಲಿ ಬೆಳೆದು, ಲೆಕ್ಕದಲ್ಲಿ ಮಾತ್ರ ನೀರು ತುಂಬಿರುವ ಹೊಂಡ ನಿಮ್ಮ ಪಂಚಾಯ್ತಿಯಲ್ಲೂ ಇದ್ದೇ ಇರುತ್ತದೆ. ನಿಮ್ಮ ಎದುರು ಬಿಲ್ ಬರೆಯುವವರಿಗೆ ಕೈ ನಡುಗುತ್ತದೆ.

ನಾನು ಹೇಳುವ ಜಾಗ ಇನ್ನೂ ಚಿಕ್ಕದು: ನೀರು ಬಳಕೆದಾರರ ಸಹಕಾರ ಸಂಘ. ಅದನ್ನು ಕಟ್ಟಲು ಕಾನೂನು ಇದೆ. ಬಹಳ ಕಡೆ ಬೋರ್ಡು ಇದೆ, ಬೀಗ ಇದೆ, ಸಂಘ ಇಲ್ಲ. ಅಲ್ಲಿ ಹಣ ಇಲ್ಲ, ಹಾಗಾಗಿ ಪೈಪೋಟಿಯೂ ಇಲ್ಲ. ಒಂದು ಹಂಗಾಮು ಅದರ ನಿರ್ದೇಶಕರಾಗಿ. ಗೇಜಿಗೆ ಬಣ್ಣ ಹೊಡೆಸಿ. ಬೆಳಗ್ಗೆ, ಸಂಜೆ ಎರಡು ಹೊತ್ತು ಓದಿ. ಎಷ್ಟು ಅಡಿ, ಎಷ್ಟು ಕ್ಯೂಸೆಕ್, ಯಾವ ತೂಬಿಗೆ ಎಷ್ಟು ಗಂಟೆ ಎಂದು ಪಂಚಾಯ್ತಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿರಿ. ವಾಟ್ಸ್‌ಆ್ಯಪ್ ಗ್ರೂಪಿಗೂ ಹಾಕಿ, ಆದರೆ ಗೋಡೆ ಬಿಡಬೇಡಿ. ಗ್ರೂಪಿನಲ್ಲಿ ಇಲ್ಲದವರು, ಮೊಬೈಲ್ ಇಲ್ಲದ ಮುದುಕಿಯರೂ ಅದನ್ನು ಓದಿಸಿಕೊಳ್ಳುತ್ತಾರೆ. ಅಧಿಕಾರಿಗಳ ವಹಿಗೂ ನಿಮ್ಮ ಗೋಡೆಗೂ ವ್ಯತ್ಯಾಸ ಬಂದ ದಿನ ನಿಮಗೆ ಫೋನುಗಳು ಶುರುವಾಗುತ್ತವೆ. ಮೊದಲು ನಿಮ್ಮವರೇ ಮಾಡುತ್ತಾರೆ, 'ಸುಮ್ನೆ ಯಾಕೆ ಬೇಕಪ್ಪ ಇದೆಲ್ಲ' ಎಂದು.

ಆ ಫೋನು ಬಂದ ಮೇಲೂ ಅಂಕಿ ಅಳಿಸದಿದ್ದರೆ ನಮ್ಮ ಊರಿಗೆ ಬನ್ನಿ, ವೋಟಿನ ಮಾತಾಡೋಣ. ಹಸಿರು ಶಾಲು ಬೇಕಿಲ್ಲ. ಹಂಗಾಮಿನ ಗೇಜ್ ಪಟ್ಟಿ ತನ್ನಿ, ಮೇಲ್ಭಾಗದ್ದೂ ಕೆಳಭಾಗದ್ದೂ ಎರಡೂ ಇರಲಿ. ನಿಮ್ಮ ಅಪ್ಪನ ಹೊಲದ ತೂಬಿನ ಸಾಲು ಅದರಲ್ಲಿ ಇದೆಯೋ ಇಲ್ಲವೋ ಎಂದು ನಾವು ಮೊದಲು ನೋಡುತ್ತೇವೆ.

ಇಂತಿ,
ಎಡದಂಡೆ ನಾಲೆಯ ಕೆಳಭಾಗದ ಒಬ್ಬ ರೈತ